ಕನಿಕರ ಸಾಕು, ಮೊಣಕಾಲು ಬಗ್ಗಲಿ

ತೊಡಿ ಎಲುವು ಮುರದು, ಅದರಾಗ ಕೀವು ತುಂಬಿ, ಕಾಲಿಗೆ ಹೊರಗಿಂದ ಸಳಿ ಹಾಕಿಸ್ಕೊಂಡು ಬಂದವರ ಮನಿಗೆ ನಾವು ಹೆಂಗಸರು ಮಾತಾಡಿಸಲಿಕ್ಕೆ ಹೋಗ್ತೇವಿ. ಹೋದಕೂಡ್ಲೆ ನಮ್ಮ ಬಾಯಿಂದ ಬರೋದು ಒಂದ ಮಾತು: "ಅಯ್ಯ ಪಾಪ, ಕಾಲು ಅಳಗಾಡಿಸಬ್ಯಾಡಪಾ, ಸುಮ್ನ ಮಲಕೋ." ಈ ಮಾತು ನಾವು ಬಿಡಬೇಕು ಅಂತ ನನಗ ಅನಸ್ತದ. ಪ್ರೀತಿಯಿಂದ ಆಡೋ ಮಾತು ಖರೆ. ಆದ್ರ ಅದರ ಫಲ ಉಣ್ಣೋದು ಹಾಸಗ್ಯಾಗ ಮಲಗಿದವರು.

ನಮ್ಮ ನಾದಿನಿ ಮಗ ಬೈಕಿನಿಂದ ಬಿದ್ದು ತೊಡಿ ಮುರಕೊಂಡಿದ್ದ. ಮೊದ್ಲು ಒಳಗ ರಾಡ್ ಹಾಕಿದ್ರು, ಆಮ್ಯಾಲೆ ಗಾಯ ಕೀವಾತು. ರಾಡ್ ತಗದು, ಸತ್ತ ಎಲುವು ಕೆತ್ತಿ, ಹೊರಗ ಫ್ರೇಮು ಹಾಕಿದ್ರು. "ಒಳಗಿಂದ ಬಿಟ್ಟು ಹೊರಗ ಯಾಕ?" ಅಂತ ಬಂದವರೆಲ್ಲಾ ಕೇಳೋರು. ಕೀವಾದಲ್ಲಿ ಲೋಹ ಇದ್ರ ಅದರ ಮೈಮ್ಯಾಲೆ ಸೂಕ್ಷ್ಮಜೀವಿಗಳು ಪಾಚಿ ಕಟ್ಟಿಧಂಗ ಅಂಟಿ ಕೂಡ್ತಾವ. ಅಲ್ಲಿಗೆ ಔಷಧ ಸರಿಯಾಗಿ ಮುಟ್ಟೂದಿಲ್ಲ. ಅದಕ್ಕ ಕೆಟ್ಟ ಜಾಗಾ ಬಿಟ್ಟು, ಮ್ಯಾಲೆ ಕೆಳಗ ಛಲೋ ಎಲುವಿಗೆ ಸಳಿ ಹಾಕಿ ಹೊರಗಿಂದ ಹಿಡದು ನಿಲ್ಲಸ್ತಾರ.

ಬಳಿಯಂಥಾ ಫ್ರೇಮಿನ ಪದ್ಧತಿ ಬೆಳಸಿದವರು ರಷ್ಯಾದ ಸೈಬೀರಿಯಾದೊಳಗಿನ ಕುರ್ಗಾನ್ ಊರಿನ ಡಾಕ್ಟರ್ ಇಲಿಜಾರೋವ್, 1950ರ ದಶಕದಾಗ. ಎಲುವು ಕಡಿಮಿ ಬಿದ್ರ, ಛಲೋ ಭಾಗದಾಗ ಕತ್ತರಿಸಿ ದಿನಕ್ಕ ಸುಮಾರು 1 ಮಿಲಿಮೀಟರ್ ಸರಸ್ತಾರ. ಅದೂ ಒಮ್ಮೆಲೇ ಅಲ್ಲ, ನಾಕು ಸಲಕ್ಕ ಕಾಲು ಕಾಲು ಮಿಲಿಮೀಟರ್. ನಡುವ ಹೊಸಾ ಎಲುವು ಬೆಳೀತದ. ಅದು ಗಟ್ಟಿಯಾಗ್ಲಿಕ್ಕೆ ತಿಂಗಳುಗಟ್ಟಲೆ ಬೇಕು. ಅಂದ್ರ ಇದು ಆಪರೇಷನ್ ದಿವಸ ಮುಗಿಯೋ ಕೆಲಸ ಅಲ್ಲ. ಉಳದ ಕೆಲಸೆಲ್ಲಾ ಮನ್ಯಾಗ ನಡೀತದ, ಅದೂ ನಮ್ಮ ಕೈಯಾಗ.

ಮುಂಗಾಲಿನ ಎಲುವು ಚರ್ಮದ ಕೆಳಗ ಕೈಗೆ ಹತ್ತತದ. ತೊಡಿ ಹಂಗಲ್ಲ. ದಪ್ಪ ಮಾಂಸ ದಾಟಿ ಸಳಿ ಒಳಗ ಹೋಗಬೇಕು. ಸುತ್ತಲ ಮಾಂಸ ಅಳಗಾಡ್ತಿರತದ, ಹಿಂಗಾಗಿ ಸಳಿ ಬುಡದಾಗ ಕೀವಾಗೋದು ತೊಡಿಗೆ ಹೆಚ್ಚು. ಒಂದೀಟು ತಿಳಿನೀರು ಬಂದ್ರ ಗಾಬರಿ ಬ್ಯಾಡ. ಆದ್ರ ಕೆಂಪಾಗಿ ಬಾತು, ನೋವು ಹೆಚ್ಚಾಗಿ, ವಾಸನಿ ಕೀವು ಬಂದ್ರ, ಜ್ವರ ಬಂದ್ರ, ಸಳಿ ಸಡಲಾದ್ರ ಅವತ್ತ ಡಾಕ್ಟರಿಗೆ ಹೇಳಬೇಕು. ಲಗೂ ತೋರಿಸಿದ್ರ ಬಹಳ ಸಲ ಗುಳಿಗಿ, ಡ್ರೆಸ್ಸಿಂಗಿನಾಗ ಮುಗೀತದ. "ಮತ್ತ ಖರ್ಚು" ಅಂತ ಮುಚ್ಚಿಟ್ರ ಸಳಿ ಸಡಲಾಗಿ, ಕೀವು ಎಲುವಿಗೆ ಇಳೀತದ. ಅರಿಷಿಣ, ಅಂಗಾರ, ಕೊಬ್ಬರಿ ಎಣ್ಣಿ, ಯಾವ್ದೂ ಹಚ್ಚಬ್ಯಾಡ್ರಿ. ಕೈ ಸಾಬೂನು ಹಚ್ಚಿ ತೊಳಕೊಂಡು, ಒಂದೊಂದು ಸಳಿಗೆ ಬ್ಯಾರೆ ಬ್ಯಾರೆ ಬಟ್ಟಿ ತಗೊಂಡು, ದವಾಖಾನ್ಯಾಗ ತೋರಿಸಿಧಂಗ ಒರಸಬೇಕು, ಅಷ್ಟ.

ಕೀವಾದ್ರ ಕಣ್ಣಿಗೆ ಕಾಣತದ. ಮೊಣಕಾಲು ಸೆಟದದ್ದು ಮಾತ್ರ ಯಾರಿಗೂ ಗೊತ್ತಾಗೂದಿಲ್ಲ, ಅದಕ್ಕ ನನಗ ಅದರದ ಹೆಚ್ಚು ಅಂಜಿಕಿ. ಕೌದಿಗೆ ಹೊಲಿಗಿ ಹಾಕಿದ್ರ ಪದರು ಒಂದರ ಮ್ಯಾಲೊಂದು ಜರಗೂದಿಲ್ಲ ನೋಡ್ರಿ. ಸಳಿನೂ ತೊಡಿ ಸ್ನಾಯುವನ್ನ ಎಲುವಿಗೆ ಹಂಗ ಹೊಲದು ಕೂಡಿಸ್ತದ. ಬಗ್ಗಿಸಿದ್ರ ನೋವಾಗ್ತದ, ಬಿಟ್ರ ಆ ಸ್ನಾಯು ಅಲ್ಲೇ ಅಂಟಕೋತದ. ಫಿಜಿಯೋಥೆರಪಿ ಹುಡುಗಿ ಬಂದು ಕಾಲು ಬಗ್ಗಸಲಿಕ್ಕೆ ಹತ್ತಿದ್ರ ಹುಡುಗ ಚೀರತಿದ್ದ, ಅವನ ಅಜ್ಜಿ ಬಾಗಲದಾಗ ನಿಂತು "ಸಾಕು ಬಿಡವಾ, ಕಟುಕರ ಗತೆ ಮಾಡಬ್ಯಾಡ" ಅಂತಿದ್ರು. ಅವರ ಸಂಕಟ ನನಗ ತಿಳೀತದ. ಆದ್ರ ನಮ್ಮ ನಾದಿನಿ ಗಟ್ಟಿಗಿತ್ತಿ. ಅತ್ತಿಯವರನ್ನ ಹಿತ್ತಲಿಗೆ ಸೊಪ್ಪು ಸೋಸಲಿಕ್ಕೆ ಕಳಿಸಿ, ತಾನ ಮಗನ ಕೈ ಹಿಡಕೊಂಡು ಕೂಡ್ತಿದ್ಲು.

ಎಲುವು ಕೂಡಿ ಮೊಣಕಾಲು ಬಗ್ಗದಿದ್ರ ಏನು ಬಾಳ್ವಿ ಹೇಳ್ರಿ? ಪಂಕ್ತಿಯೊಳಗ ಕೂಡಲಿಕ್ಕಾಗೂದಿಲ್ಲ, ಕೆಳಗ ಕೂಡೋ ಸಂಡಾಸಕ್ಕ ಹೋಗಲಿಕ್ಕಾಗೂದಿಲ್ಲ, ಬಸ್ಸಿನ ಮೆಟ್ಟಲಾ ಏರಲಿಕ್ಕೆ ಇನ್ನೊಬ್ಬರ ಕೈ ಬೇಕು. ಹೊಲದಾಗ ಕಳೆ ತಗಿಯೋರ ಹೊಟ್ಟಿಪಾಡು ಏನಾಗಬೇಕು? ಇಂದಿನ ಹತ್ತು ನಿಮಿಷದ ನೋವು ಉಳಿಸಲಿಕ್ಕೆ ಹೋಗಿ ನಾವು ಅವರ ಮುಂದಿನ ಮೂವತ್ತು ವರ್ಷ ಕಸಗೊಂಡಂಗ ಆಗ್ತದ.

ಇನ್ನೊಂದು ಮಾತು, "ಇನ್ನೂ ಎಷ್ಟು ದಿವಸ ಈ ಕಬ್ಬಿಣ? ತಗಸಿಬಿಡ್ರಿ." ಹಿಂಗ ಅವಸರ ಹಚ್ಚಬ್ಯಾಡ್ರಿ. ಹೊಸಾ ಎಲುವು ಎಳೇದಿದ್ದಾಗ ಫ್ರೇಮು ತಗದ್ರ ಅದು ಬಾಗಬಹುದು, ಮತ್ತ ಮುರೀಬಹುದು. ಸರಿಯಾದ ಟೈಮಿಗೆ ತಗದ ಮ್ಯಾಲೂ ಡಾಕ್ಟರ್ ಹೇಳೋತನಕ ಕೋಲು ಬಿಡಬಾರದು. ಕಾಲು ಒಂದೀಟು ಗಿಡ್ಡಾದ್ರ ಚಪ್ಪಲಿಗೆ ಎತ್ತರ ಅಟ್ಟಿ ಹಾಕಸಬಹುದು, ಅದಕ್ಕ "ಕುಂಟ" ಅನ್ನೋ ಹೆಸರು ನಾವು ಕೊಡೋದು ಬ್ಯಾಡ. ಮಾತಾಡಿಸಲಿಕ್ಕೆ ಬಂದ ಗಂಡಸರು ಗುಟಕಾ, ಬೀಡಿ ಕೊಟ್ರ ಮಾತ್ರ ಎದ್ದು ನಿಂತು ಬೈರಿ. ತಂಬಾಕು ಎಲುವು ಕೂಡೋದನ್ನ ತಡೀತದ. ಸಕ್ಕರಿ ಕಾಯಿಲೆ ಇದ್ರ ಪೇಢೆ ಒಯ್ಯಬ್ಯಾಡ್ರಿ, ಸಕ್ಕರಿ ಏರಿದ್ರ ಕೀವು ಆರೂದಿಲ್ಲ.

ಬರಿಗೈಲೆ ಹೋಗಬಾರದು ಅಂತೀರೇನು? ನಾಕು ತತ್ತಿ ಒಯ್ರಿ, ತತ್ತಿ ತಿನ್ನದವರಿಗೆ ಮೊಳಕಿ ಕಾಳು, ಗಟ್ಟಿ ಮೊಸರು. ಒಂದು ಹಳೇ ಪೈಜಾಮದ ಹೊಲಿಗಿ ಬಿಚ್ಚಿ, ಫ್ರೇಮಿನ ಸುತ್ತ ಕಟ್ಟಲಿಕ್ಕೆ ಬರೋಹಂಗ ಲಾಡಿ ಹಚ್ಚಿಕೊಡ್ರಿ. ರಾತ್ರಿಯೆಲ್ಲಾ ಎದ್ದಿರೋ ಆ ಮನಿ ಹೆಣಮಗಳಿಗೆ "ನಾ ಇಲ್ಲೆ ಕೂಡ್ತೇನಿ, ನೀ ಎರಡು ತಾಸು ಮಲಕೋ" ಅನ್ರಿ. ಹುಡುಗನಿಗೆ "ಪಾಪ" ಅನ್ನೋ ಬದಲು "ಇವತ್ತು ಮೊಣಕಾಲು ಎಷ್ಟು ಬಗ್ಗಿತೋ?" ಅಂತ ಕೇಳ್ರಿ.