ಹಗುರ ಲ್ಯಾಪ್‌ಟಾಪ್‌ಗೆ ಎರಡರಷ್ಟು ಹಣ ಕೊಡಬೇಕೆ?

ಬೆಂಗಳೂರಿನ ಯಡಿಯೂರಿನ ಮನೆಗಳಲ್ಲಿ ಲ್ಯಾಪ್‌ಟಾಪ್ ಕೊಳ್ಳುವ ಮಾತು ಬಂದರೆ ಸಾಮಾನ್ಯವಾಗಿ ಎರಡು ಪಕ್ಷಗಳಾಗುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದ ಮಗಳಿಗೆ ತೆಳ್ಳಗಿನ, ಹಗುರವಾದದ್ದೇ ಬೇಕು. ‘ಐವತ್ತು ಸಾವಿರಕ್ಕೆ ಸಿಗೋದಕ್ಕೆ ಒಂದು ಲಕ್ಷ ಯಾಕಮ್ಮ?’ ಎಂದು ಅಪ್ಪ ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಹಾಗಾಗಿ ಎರಡನ್ನೂ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಮೊದಲು ತೂಕ ಮತ್ತು ಬೆಲೆ. ಸಾಮಾನ್ಯ 15.6 ಇಂಚಿನ ಲ್ಯಾಪ್‌ಟಾಪ್ 1.6ರಿಂದ 1.8 ಕೆ.ಜಿ. ತೂಗುತ್ತದೆ. 13 ಇಂಚಿನ ಮ್ಯಾಕ್‌ಬುಕ್ ಏರ್ 1.24 ಕೆ.ಜಿ. ಇದೆ. ಚಾರ್ಜರನ್ನೂ ಸೇರಿಸಿದರೆ ಕಡಿಮೆಯಾಗುವುದು ಅರ್ಧದಿಂದ ಮುಕ್ಕಾಲು ಕೆ.ಜಿ. ಎಂ4 ಚಿಪ್‌ನ ಏರ್ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ ಅದರ ಆರಂಭಿಕ ಬೆಲೆ 99,900 ರೂಪಾಯಿ. ಐವತ್ತು ಸಾವಿರದ ಲ್ಯಾಪ್‌ಟಾಪ್‌ಗೆ ಹೋಲಿಸಿದರೆ, ಮುಕ್ಕಾಲು ಕೆ.ಜಿ. ಇಳಿಸಲು ಸುಮಾರು ಐವತ್ತು ಸಾವಿರ ಹೆಚ್ಚು ಕೊಟ್ಟಂತಾಯಿತು.

ಇಷ್ಟಕ್ಕೆ ಅಷ್ಟು ಹಣವೇ ಎನ್ನುವವರು ನಮ್ಮ ಭಾಗದ ಓಡಾಟ ಬದಲಾಗಿರುವುದನ್ನು ಗಮನಿಸಬೇಕು. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಮೆಟ್ರೊ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿ.ಮೀ. ಉದ್ದವಿದೆ. ಯಡಿಯೂರಿನವರು ಜಯನಗರ ಸ್ಟೇಷನ್ನಿಗೆ ನಡೆದು ಹಸಿರು ಮಾರ್ಗ ಹತ್ತಿದರೆ ಮುಂದಿನ ಸ್ಟೇಷನ್ನಿನಲ್ಲೇ ಗಾಡಿ ಬದಲಿಸಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗಬಹುದು. ಕಂಪನಿ ಬಸ್ಸಿನಲ್ಲಿ ತೊಡೆಯ ಮೇಲೆ ಕೂರುತ್ತಿದ್ದ ಬ್ಯಾಗು ಈಗ ಮೆಟ್ಟಿಲು, ತಪಾಸಣೆ, ನೂಕುನುಗ್ಗಲಿನ ಉದ್ದಕ್ಕೂ ಹೆಗಲ ಮೇಲೇ ಇರುತ್ತದೆ.

ಹೆಗಲಿಗೆ ಎಷ್ಟು ತೂಕ ಸರಿ ಎನ್ನಲು ಒಂದು ಅಳತೆಯಿದೆ. ಶಾಲಾ ಬ್ಯಾಗಿನ ತೂಕ ಮಗುವಿನ ತೂಕದ ಶೇ 10 ಮೀರಬಾರದೆಂದು ರಾಜ್ಯ ಸರ್ಕಾರ 2019ರಲ್ಲಿ ಆದೇಶಿಸಿತು. ದೊಡ್ಡವರಿಗೆ ಆ ನಿಯಮವಿಲ್ಲ. ಆದರೂ ಅದೇ ಅಳತೆ ಹಿಡಿದರೆ 50 ಕೆ.ಜಿ. ತೂಗುವವರ ಬ್ಯಾಗು 5 ಕೆ.ಜಿ. ದಾಟಬಾರದು. ಲ್ಯಾಪ್‌ಟಾಪ್, ಚಾರ್ಜರ್, ಒಂದು ಲೀಟರ್ ನೀರು, ಊಟದ ಡಬ್ಬಿ, ಛತ್ರಿ, ಬ್ಯಾಗಿನ ಸ್ವಂತ ತೂಕ ಎಲ್ಲ ಸೇರಿದರೆ ಆ ಮಿತಿ ಹತ್ತಿರವೇ ಬರುತ್ತದೆ. ಆಗ ಮುಕ್ಕಾಲು ಕೆ.ಜಿ. ಸಣ್ಣದಲ್ಲ.

ಹಗುರದ ಪರವಾಗಿ ಇನ್ನೊಂದು ಮಾತಿದೆ. 2008ರಲ್ಲಿ ಮೊದಲ ಮ್ಯಾಕ್‌ಬುಕ್ ಏರ್ ಬಂದಾಗ ತೆಳ್ಳಗಿನದು ಎಂದರೆ ನಿಧಾನದ್ದು ಎಂದೇ ಅರ್ಥವಾಗಿತ್ತು. 2020ರ ನವೆಂಬರ್‌ನಲ್ಲಿ ಎಂ1 ಚಿಪ್ ಬಂದ ಮೇಲೆ ಆ ಕೊರತೆ ನೀಗಿತು. ವಿಂಡೋಸ್‌ನಲ್ಲೂ ಈಗ ಹಗುರವಾದ, ದಿನವಿಡೀ ಬ್ಯಾಟರಿ ನಿಲ್ಲುವ ಲ್ಯಾಪ್‌ಟಾಪ್‌ಗಳಿವೆ. ಕರೆಂಟ್ ಹೋದಾಗ, ಚಾರ್ಜರನ್ನು ಮನೆಯಲ್ಲೇ ಬಿಟ್ಟು ಹೊರಟಾಗ ಇದರ ಬೆಲೆ ತಿಳಿಯುತ್ತದೆ.

ಇನ್ನು ಅಪ್ಪನ ಪಕ್ಷ. ಅದೂ ಗಟ್ಟಿಯಾಗಿದೆ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ರ‍್ಯಾಮ್ ಅನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಎರಡು ವರ್ಷ ಕಳೆದು ಸಾಲದೆನಿಸಿದರೆ ಸೇರಿಸುವ ದಾರಿಯೇ ಇಲ್ಲ. ಅಗ್ಗದ, ಸ್ವಲ್ಪ ದಪ್ಪಗಿನ ಎಷ್ಟೋ ಮಾದರಿಗಳಲ್ಲಿ ಖಾಲಿ ಸ್ಲಾಟ್ ಇರುತ್ತದೆ. ಅಂಥವನ್ನು ಎಸ್.ಪಿ. ರೋಡಿಗೆ ಒಯ್ದರೆ ರ‍್ಯಾಮ್, ಎಸ್‌ಎಸ್‌ಡಿ ಹಾಕಿಸಿಕೊಂಡು ಅದೇ ದಿನ ಮನೆಗೆ ಬರಬಹುದು. ತೆಳ್ಳಗಿನದರ ಪರದೆ, ಬ್ಯಾಟರಿ ಬದಲಿಸುವ ಖರ್ಚೂ ಹೆಚ್ಚು.

ಕೆಲಸದ ಸಾಫ್ಟ್‌ವೇರ್ ಇನ್ನೂ ಮುಖ್ಯ. ಸಿ.ಎ. ಆರ್ಟಿಕಲ್‌ಶಿಪ್ ಮಾಡುವವರು ದಿನಕ್ಕೊಂದು ಕಚೇರಿಗೆ ಲ್ಯಾಪ್‌ಟಾಪ್ ಹೊರುತ್ತಾರೆ, ಹಗುರ ಬೇಕಾದದ್ದು ಅವರಿಗೇ. ಆದರೆ ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು. ಮೆಕ್ಯಾನಿಕಲ್ ವಿದ್ಯಾರ್ಥಿಗಳ ಸಾಲಿಡ್‌ವರ್ಕ್ಸ್ ಕೂಡ ವಿಂಡೋಸ್‌ನದೇ. ಇವರು ಮ್ಯಾಕ್‌ಬುಕ್ ಬಿಟ್ಟು ಹಗುರವಾದ ವಿಂಡೋಸ್ ಲ್ಯಾಪ್‌ಟಾಪ್ ನೋಡುವುದೇ ಸರಿ.

ತೂಕವನ್ನು ಖರ್ಚಿಲ್ಲದೆಯೂ ಇಳಿಸಬಹುದು. ಬಾಟಲಿಯನ್ನು ಆಫೀಸಿನಲ್ಲಿ ತುಂಬಿಸಿಕೊಂಡರೆ ಒಂದು ಕೆ.ಜಿ. ಕಡಿಮೆ. ಆಫೀಸಿನಲ್ಲೇ ಇನ್ನೊಂದು ಚಾರ್ಜರ್ ಇಟ್ಟರೆ ಮತ್ತಷ್ಟು ಇಳಿಯಿತು. ಸ್ಕೂಟರಿನ ಮುಂದೆ ಬ್ಯಾಗು ಇಟ್ಟುಕೊಂಡು ಹೋಗುವವರ ಹೆಗಲಿಗಂತೂ ಅರ್ಧ ಕೆ.ಜಿ.ಯ ವ್ಯತ್ಯಾಸ ತಿಳಿಯುವುದೇ ಇಲ್ಲ.

ಈಗಲೇ ಕೊಳ್ಳಬೇಕೆ, ಕಾಯಬೇಕೆ? ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಜೋರಾಗಿ ಏರಿತು. ದೊಡ್ಡ ತಯಾರಕರಲ್ಲೊಂದಾದ ಮೈಕ್ರಾನ್, ಗ್ರಾಹಕರಿಗೆ ನೇರವಾಗಿ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನು ನಿಲ್ಲಿಸುವುದಾಗಿ ಆ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಇಂಥ ಹೊತ್ತಿನಲ್ಲಿ, ಕಾದರೆ ಬೆಲೆ ಇಳಿದೀತು ಎಂಬ ಹಳೆಯ ಲೆಕ್ಕವನ್ನು ನೆಚ್ಚಿ ಕೂರುವಂತಿಲ್ಲ. ಈಗ ಕಡಿಮೆ ರ‍್ಯಾಮ್‌ನದು ತಂದು ಆಮೇಲೆ ಹಾಕಿಸುತ್ತೇನೆ ಎಂಬ ಯೋಜನೆಯೂ ಅಗ್ಗವಾಗಿ ಉಳಿದಿಲ್ಲ. ಇನ್ನು ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ 8ನೇ ಪೀಳಿಗೆಗಿಂತ ಹಳೆಯ ಬಹುತೇಕ ಯಂತ್ರಗಳಿಗೆ ಅಧಿಕೃತವಾಗಿ ವಿಂಡೋಸ್ 11 ಇಲ್ಲ. ಅಂಥದರಲ್ಲಿ ಬ್ಯಾಂಕ್ ವ್ಯವಹಾರ ನಡೆಸುವವರು ತಡಮಾಡಬಾರದು. ಆದರೆ ನಾಲ್ಕೈದು ವರ್ಷದ ಹಿಂದಿನದು, ಕೆಲಸಕ್ಕೆ ಸಾಲುತ್ತಿದೆ ಎಂದಾದರೆ ಬ್ಯಾಟರಿ ಬದಲಿಸಿ ಮುಂದುವರಿಸುವುದರಲ್ಲಿ ತಪ್ಪೇನಿಲ್ಲ.

ಈಗ ಹೆಚ್ಚುವರಿ ಐವತ್ತು ಸಾವಿರವನ್ನು ದಿನಗಳಿಗೆ ಹಂಚೋಣ. ವರ್ಷಕ್ಕೆ 220 ದಿನದಂತೆ ಐದು ವರ್ಷ ಹೊತ್ತರೆ ದಿನಕ್ಕೆ ಸುಮಾರು 45 ರೂಪಾಯಿ. ಇದು 2025ರ ಫೆಬ್ರುವರಿಯಲ್ಲಿ ನಿಗದಿಯಾದ ಮೆಟ್ರೊ ಗರಿಷ್ಠ ದರ 90 ರೂಪಾಯಿಯ ಅರ್ಧ. ವಾರಕ್ಕೆ ಎರಡೇ ದಿನ ಆಫೀಸಾದರೆ ದಿನದ ಲೆಕ್ಕ ಸುಮಾರು ನೂರು ರೂಪಾಯಿಯಾಗುತ್ತದೆ. ಲ್ಯಾಪ್‌ಟಾಪ್ ಮೇಜು ಬಿಟ್ಟು ಕದಲದಿದ್ದರೆ ಹಗುರಕ್ಕೆಂದು ಕೊಟ್ಟ ಹಣ ಪೂರಾ ವ್ಯರ್ಥ.

ನನ್ನ ತೀರ್ಮಾನ ಇಷ್ಟು. ವಾರಕ್ಕೆ ನಾಲ್ಕೈದು ದಿನ ಬ್ಯಾಗು ಹೊತ್ತು ಮೆಟ್ರೊದಲ್ಲಿ ನಿಂತು ಹೋಗುವವರು, ಬೆನ್ನು-ಕತ್ತಿನ ನೋವಿರುವವರು ಹಗುರದ್ದನ್ನೇ ಕೊಳ್ಳಲಿ, ಅದೂ 16 ಜಿಬಿಗೆ ಕಡಿಮೆ ಇಲ್ಲದ್ದನ್ನು. ಮನೆಯಿಂದಲೇ ಕೆಲಸ ಮಾಡುವವರು, ಸ್ಕೂಟರಿನಲ್ಲಿ ಓಡಾಡುವವರು ಸಾಮಾನ್ಯದ್ದನ್ನು ತಂದು ಉಳಿದ ಹಣದಲ್ಲಿ ಒಳ್ಳೆಯ ಕುರ್ಚಿ, ದೊಡ್ಡ ಮಾನಿಟರ್ ಕೊಳ್ಳಲಿ. ಅವರ ಬೆನ್ನಿಗೆ ಹೆಚ್ಚು ಉಪಕಾರ ಅದರಿಂದಲೇ. ಯಾವ ಪಕ್ಷವೆಂದು ತಿಳಿಯದವರಿಗೆ 1.4 ಕೆ.ಜಿ. ಆಸುಪಾಸಿನ 14 ಇಂಚಿನ ಮಾದರಿಗಳು ಎರಡರ ನಡುವಿನ ಬೆಲೆಗೆ ಸಿಗುತ್ತವೆ. ಸಾಲದ ಕಂತಿನಿಂದ ಮನೆಖರ್ಚಿಗೆ ತೊಂದರೆಯಾಗುವುದಾದರೆ ಹಗುರದ ಆಸೆಯನ್ನು ಸದ್ಯಕ್ಕೆ ಬಿಡುವುದೇ ಸರಿ.

ಅಂಗಡಿಗೆ ಹೊರಡುವ ಮುನ್ನ ನಿಮ್ಮ ಬ್ಯಾಗನ್ನು ಒಮ್ಮೆ ತೂಗಿ ನೋಡಿ, ತಿಂಗಳಿಗೆ ಎಷ್ಟು ದಿನ ಹೊರುತ್ತೀರೆಂದು ಎಣಿಸಿ. ಆ ಎರಡು ಅಂಕಿ ಗೊತ್ತಿದ್ದರೆ ಯಾರೂ ನಿಮಗೆ ಬೇಡದ್ದನ್ನು ಮಾರಲಾರರು.