ಮಳಿ ತೊಳೆದ ಎಣ್ಣಿಗೆ ನಮ್ಮ ಕೂಲಿ ಯಾಕೆ ಮುರೀಬೇಕು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹೊಲ-ತೋಟಗಳಲ್ಲಿ ಕುರಪಿಯ ಜಾಗಕ್ಕೆ ಕಸದ ಎಣ್ಣಿಯ ಪಂಪು ಬಂದಿದೆ. ಕಸ ತೆಗೆಯುವ ನಮ್ಮ ತಾಯಂದಿರ ಕೂಲಿ ಅದರ ಜೊತೆ ಹೋಯಿತು. ಉಳಿದದ್ದು ಪಂಪು ಹೊರುವ ಕೂಲಿ. ಹೊರುವ ಬೆನ್ನು ಯಾರದು ಅಂತ ಕೇರಿಯಿಂದ ಬಂದ ಹಾಸ್ಟೆಲ್ ಗೆಳೆಯರಿಗೆ ಬೇರೆ ಹೇಳಬೇಕೆ?

ಎಣ್ಣಿ ಹೊಡೆದು ಹದಿನೈದು ದಿನವಾದರೂ ಕರಿಕಿ ಹಸಿರಾಗೇ ನಿಂತರೆ ಧಣಿಗಳ ಬಾಯಲ್ಲಿ ಒಂದೇ ಮಾತು: "ಮಗಾ ನೀರು ಜಾಸ್ತಿ ಹಾಕ್ಯಾನ." ಕೂಲಿ ಮುರೀತಾರೆ. ಎದುರು ವಾದ ಮಾಡುವ ವಿದ್ಯೆ ಹೊಡೆದವನಿಗೆ ಯಾರೂ ಕಲಿಸಿಲ್ಲ. ರಸಾಯನಶಾಸ್ತ್ರ ಓದುವ ನಾವಾದರೂ ಕಲೀಬೇಕಲ್ಲ!

ಗ್ಲೈಫೋಸೇಟನ್ನೇ ತಗೊಳ್ಳಿ. ಅದು ಎಲೆಯೊಳಗೆ ಇಳಿದು ಬೇರಿನ ತನಕ ಹೋಗಬೇಕು. ಎಲೆಯ ಮೇಲೆ ಮೇಣದ ಪದರ ಇರುತ್ತದೆ. ಬರೀ ನೀರಿನ ಹನಿ ಅದರ ಮೇಲೆ ಉರುಳಿಬಿಡುತ್ತದೆ. ಅದಕ್ಕೇ ಡಬ್ಬಿಯಲ್ಲಿ ಸೋಪಿನಂಥ ಅಂಟುದ್ರವ ಬೆರೆಸಿರುತ್ತಾರೆ. ಅಂಗಡಿಗಳಲ್ಲಿ ಬೇರೆ ಬಾಟ್ಲಿಯಲ್ಲೂ ಮಾರುತ್ತಾರೆ. ಹಾಗಿದ್ದೂ ಹೊಡೆದ ಮೇಲೆ ಸುಮಾರು 6 ತಾಸು ಮಳಿ ಬೀಳಬಾರದು. ಒಳ್ಳೆಯ ಅಂಟು ಈ ಹೊತ್ತನ್ನು ಕಡಿಮೆ ಮಾಡೀತು, ಇಲ್ಲದಂತೆ ಮಾಡಲಾರದು. ಮಧ್ಯಾಹ್ನ ಎರಡಕ್ಕೆ ಹೊಡೆಸಿ ನಾಲ್ಕಕ್ಕೆ ಹಸ್ತಾ ಮಳಿ ಜಡಿದರೆ ಎಣ್ಣಿ ಮಣ್ಣುಪಾಲು. ಮಣ್ಣಿಗೆ ಬಿದ್ದದ್ದನ್ನು ಎರಿ ಹಿಡಿದುಕೊಳ್ಳುತ್ತದೆ, ಬೇರಿಗೆ ಬಿಡುವುದಿಲ್ಲ. ಬಿತ್ತಿದ ಕೂಡಲೇ ನೆಲಕ್ಕೆ ಹೊಡೆಯುವ ಪೆಂಡಿಮೆಥಾಲಿನ್, ಅಟ್ರಜಿನ್ ಇದಕ್ಕೆ ತಿರುವುಮುರುವು. ಅವಕ್ಕೆ ಹಸಿ ಬೇಕು, ಒಣ ನೆಲದಲ್ಲಿ ಸುಮ್ಮನೆ ಬಿದ್ದಿರುತ್ತವೆ. ಒಂದಕ್ಕೆ ಮಳಿ ಬಂದದ್ದು ಕೇಡು, ಇನ್ನೊಂದಕ್ಕೆ ಬಾರದ್ದು ಕೇಡು. ಬೈಗಳ ಮಾತ್ರ ಎರಡಕ್ಕೂ ಒಬ್ಬನಿಗೇ.

ಇನ್ನು ನೀರು. ನಮ್ಮ ಕಡೆ ಬಹಳಷ್ಟು ಬೋರಿನ ನೀರು ಗಡಸು, ಡೋಣಿ ಸಾಲಿನಲ್ಲಂತೂ ಸವಳು. ಬ್ಯಾಳಿ ಬೇಯದ ನೀರಿನಲ್ಲಿ ಗ್ಲೈಫೋಸೇಟೂ ಸೋಲುತ್ತದೆ. ನೀರಿನೊಳಗಿನ ಕ್ಯಾಲ್ಸಿಯಂ, ಮೆಗ್ನೀಶಿಯಂ ಅದನ್ನು ಕಟ್ಟಿಹಾಕುತ್ತವೆ. ಮೊದಲು ಅಮೋನಿಯಂ ಸಲ್ಫೇಟ್ ಕರಗಿಸಿ (15 ಲೀಟರಿನ ಪಂಪಿಗೆ 300 ಗ್ರಾಮಿನ ತನಕ) ಆಮೇಲೆ ಎಣ್ಣಿ ಹಾಕಿದರೆ ಈ ಕಟ್ಟು ಸಡಿಲಾಗುತ್ತದೆ. ಕಾಲುವೆಯ ರಾಡಿ ನೀರಾದರೆ ಕೆಸರೇ ಎಣ್ಣಿ ನುಂಗುತ್ತದೆ, ಅದಕ್ಕೆ ಯಾವ ಗೊಬ್ಬರವೂ ಔಷಧಿಯಲ್ಲ.

ಯಾವ ಡಬ್ಬಿ, ಯಾವ ಬಾವಿಯ ನೀರು, ಯಾವ ಹೊತ್ತು ಅನ್ನೋದನ್ನೆಲ್ಲ ಗೊತ್ತುಮಾಡುವವನು ಹೊಲದ ಧಣಿ. ತಪ್ಪು ಮಾತ್ರ ಪಂಪಿನವನದು. ಇದು ಯಾವೂರ ನ್ಯಾಯ?

ಮಳಿಗೆ ತೊಳೀತು ಅಂತ ಮತ್ತೆ ಹೊಡೆದಷ್ಟೂ ವಿಷ ಮೈಗೆ. ಎಲೆಯ ಮೇಣ ದಾಟಿಸುವ ಅಂಟು ಮನುಷ್ಯರ ತೊಗಲು, ಕಣ್ಣುಗಳನ್ನು ಬಿಟ್ಟೀತೆ? ಗ್ಲೈಫೋಸೇಟಿಗೆ ಬೆರೆಸುತ್ತಿದ್ದ ಪಿಓಇಎ ಅನ್ನುವ ಅಂಟನ್ನು ಯುರೋಪಿನ ಒಕ್ಕೂಟ 2016ರಲ್ಲಿ ನಿಷೇಧಿಸಿತು. ಪ್ಯಾರಾಕ್ವಾಟ್ ಅರ್ಧ ತಾಸಿನಲ್ಲಿ ಎಲೆ ಹಿಡೀತದೆ, ಮಳಿಗೆ ಹೆದರೋದಿಲ್ಲ ಅಂತ ಅದನ್ನು ಕೈಗೆ ಕೊಡುವವರೂ ಇದ್ದಾರೆ. ಅದು ಹೊಟ್ಟೆಗೆ ಹೋದರೆ ಪ್ರತಿವಿಷವೇ ಇಲ್ಲ.

ರಜೆಗೆ ಊರಿಗೆ ಹೋದಾಗ ಡಬ್ಬಿಯ ಚೀಟಿಯನ್ನು ಕೇರಿಯಲ್ಲಿ ಕೂತು ಗಟ್ಟಿಯಾಗಿ ಓದಿ. ಹೊಡೆದ ಹೊತ್ತು, ಮಳಿ ಬಂದ ಹೊತ್ತು ಬರೆದಿಡಿ. ಮಳಿ ತೊಳೆದರೆ ಮೊದಲ ದಿನದ ಕೂಲಿ ಪೂರ್ತಿ ಕೊಡಬೇಕು, ಮತ್ತೆ ಹೊಡೆಯೋದಕ್ಕೆ ಎರಡನೇ ಕೂಲಿ ಬೇರೆ. ವಿಷ ಹೊಡೆಯುವವರಿಗೆ ರಕ್ಷಣೆಯ ಬಟ್ಟೆ ಬೇಕು ಅಂತ 1971ರ ಕೀಟನಾಶಕ ನಿಯಮಗಳಲ್ಲೇ ಬರೆದಿದ್ದಾರೆ. ಕೈಗವಸು, ಬೂಟು, ಮುಖವಾಡ ಕೊಡದ ಹೊಲದಲ್ಲಿ ಪಂಪು ನೆಲದ ಮೇಲೇ ಇರಲಿ.