ತಿರುಳ್ಗನ್ನಡದ ತಿರುಕ

ಕ್ರೈಸ್ತ ಅನುಭಾವಿ ಎಂದೊಡನೆ ನಮ್ಮ ಮನಸ್ಸು ಇಟಲಿಗೋ ಸ್ಪೇನಿಗೋ ಹಾರುತ್ತದೆ. ಅಸ್ಸಿಸಿಯ ಸಂತ ಫ್ರಾನ್ಸಿಸರ ಹೆಸರನ್ನು ನಾವು ಬಲ್ಲೆವು. ಆದರೆ ನಮ್ಮ ಮಗ್ಗುಲ ಹಡಗಲಿ ಸೀಮೆಯ ಉತ್ತಂಗಿ ಎಂಬ ಹಳ್ಳಿಯನ್ನು ಹೆಸರಿನಲ್ಲಿಯೇ ಹೊತ್ತಿದ್ದ ರೆವರೆಂಡ್ ಚನ್ನಪ್ಪನವರನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಲ್ಲರು?

ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿ ದುಡಿದು, 1962ರಲ್ಲಿ ತೀರಿಕೊಂಡರು. ಯೇಸುವಿನಲ್ಲಿ ಅವರಿಗಿದ್ದ ವಿಶ್ವಾಸ ಅಚಲವಾದುದು. ಹೀಗಿದ್ದೂ ಅವರು ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡರು. ಸರ್ವಜ್ಞನ ತ್ರಿಪದಿಗಳನ್ನು ಬಹುಕಾಲ ಅರಸಿ, ಕೂಡಿಸಿ, ಪಾಠಗಳನ್ನು ತಾಳೆನೋಡಿ 1924ರಲ್ಲಿ ಅಚ್ಚಿಗೆ ತಂದರು. ಸಿದ್ಧರಾಮ, ಆದಯ್ಯ, ಮೋಳಿಗೆಯ ಮಾರಯ್ಯ ಮೊದಲಾದ ಶರಣರ ವಚನಗಳಿಗಾಗಿಯೂ ಶ್ರಮಿಸಿದರು. ಅನುಭವ ಮಂಟಪವೆಂಬುದು ಇದ್ದಿತೇ ಎಂಬ ಸಂಶಯ ತಲೆದೋರಿದಾಗ, ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥವನ್ನೇ ಬರೆದರು. ಶರಣರ ಪರವಾಗಿ ವಾದಕ್ಕೆ ನಿಂತವರು ಒಬ್ಬ ಪಾದ್ರಿ! 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನಿತ್ತು ಕನ್ನಡ ನಾಡು ಈ ತಿರುಕನನ್ನು ಗೌರವಿಸಿತು.

ಅವರು ಸಂಗ್ರಾಹಕರು, ಕವಿಯೆಂದೂ ಅನುಭಾವಿಯೆಂದೂ ಕರೆಯುವುದು ಅತಿಯಾಯಿತೆಂದು ಕೆಲವರು ಆಕ್ಷೇಪಿಸಬಹುದು. ಕವಿಯೆಂಬ ಬಿರುದಿಗಾಗಿ ನಾನು ವಾದಿಸಲಾರೆ. ಆದರೆ ಅನುಭಾವವೆಂದರೇನು? ‘ನಾನು’ ಎಂಬುದು ಕರಗುವುದಲ್ಲವೆ? ಉಪದೇಶ ಮಾಡುವುದೇ ವೃತ್ತಿಯಾದವನು, ಪರಮತದ ಕವಿಯ ಮೂರು ಸಾಲಿನ ಪದ್ಯಕ್ಕಾಗಿ ಜೋಳಿಗೆ ಹಿಡಿದು ನಿಲ್ಲುವುದಕ್ಕೆ ಎಂತಹ ವಿನಯ ಬೇಕು! ಅವರ ಒಂದು ಗ್ರಂಥದ ಹೆಸರು ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’. ಆ ‘ವಿನಂತಿ’ ಎಂಬ ಶಬ್ದದಲ್ಲಿ ಅವರ ಬಾಳಿನ ತಿರುಳೇ ಇದೆಯೆಂದು ನನಗೆ ತೋರುತ್ತದೆ. ತಮ್ಮ ಮಾತನ್ನು ಅವರು ಮುಚ್ಚಿಡಲಿಲ್ಲ. ಕೈಮುಗಿದು ಹೇಳಿದರು, ಕಿವಿಗೊಟ್ಟು ಕೇಳಿದರು.

ಎರಡು ಮನೆಗಳ ಹೊಸ್ತಿಲಲ್ಲಿ ನಿಂತವನನ್ನು ಎರಡೂ ಮನೆಯವರು ಸಂಶಯದಿಂದ ನೋಡುವುದು ಲೋಕರೂಢಿ. ಇಂದಿಗಂತೂ ಈ ಸಂಶಯ ಹೆಚ್ಚಿದೆ. ಅನ್ಯರ ಗ್ರಂಥವನ್ನು ಓದಿದರೆ ತನ್ನ ಧರ್ಮಕ್ಕೆ ಕುಂದು ಬಂದೀತೆಂಬ ಅಂಜಿಕೆ ವಿದ್ಯಾವಂತರಲ್ಲಿಯೂ ಉಂಟು. ಸರ್ವಜ್ಞನನ್ನು ಓದಿ ಚನ್ನಪ್ಪನವರು ಕ್ರೈಸ್ತತನವನ್ನು ಕಳೆದುಕೊಳ್ಳಲಿಲ್ಲ. ಅವರ ಕೈಯಿಂದ ಪಡೆದುದರಿಂದ ಸರ್ವಜ್ಞನ ವಚನಗಳಿಗೆ ಮೈಲಿಗೆಯೂ ಆಗಲಿಲ್ಲ. ಗಟ್ಟಿಯಾದ ನಂಬಿಕೆಯುಳ್ಳವನಿಗೆ ನೆರೆಮನೆಯ ಹಾಡು ಭಯ ಹುಟ್ಟಿಸದು.

ವಿದ್ಯಾರ್ಥಿ ಮಿತ್ರರೇ, ಹಡಗಲಿಯೂ ನಮ್ಮ ಕಾನಹೊಸಹಳ್ಳಿಯೂ ಇಂದು ಒಂದೇ ವಿಜಯನಗರ ಜಿಲ್ಲೆಯಲ್ಲಿವೆ. ಆ ಮಹನೀಯರ ಹೆಸರಿನಲ್ಲಿ ವರ್ಷಕ್ಕೊಂದು ಭಾಷಣವಾದರೆ ಸಂತೋಷವೇ. ಆದರೆ ಭಾಷಣ ಮುಗಿದೊಡನೆ ಹಾರ ಬಾಡುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಅಜ್ಜಿಯ ಬಳಿ ಕುಳಿತು ಹತ್ತು ತ್ರಿಪದಿಗಳನ್ನು ಬರೆದುಕೊಳ್ಳಿರಿ. ಅನಂತರ ನಿಮ್ಮದಲ್ಲದ ಕೇರಿಗೆ, ನಿಮ್ಮದಲ್ಲದ ಮತದವರ ಮನೆಗೆ ಹೋಗಿ, ಅಲ್ಲಿಯ ಮುದುಕಿಯ ಹಾಡನ್ನೂ ಬೇಡಿರಿ. ಬೀಸುವ ಕಲ್ಲು ಮೂಲೆ ಸೇರಿತು. ಅದರ ಹಾಡು ಬಲ್ಲವರು ದಿನೇ ದಿನೇ ವಿರಳವಾಗುತ್ತಿದ್ದಾರೆ. ಈ ಭಿಕ್ಷೆಗೆ ನಾಚಬೇಕಾದುದಿಲ್ಲ. ನಮಗಿಂತ ದೊಡ್ಡವರು ಬೇಡಿದ ಭಿಕ್ಷೆಯಿದು.